ಒಂದಂಕಣದಲ್ಲಿ ಎಂಟು ಜನ

ಸಿದ್ದತ್ತೆ ಯಾರ ಮನೆಗೆ ಹೋದರೂ ಕೂರುವ ಮೊದಲು ಎರಡೂ ಮೊಣಕೈ ಚಾಚಿ ಒಂದು ಸುತ್ತು ತಿರುಗುತ್ತಿದ್ದಳು. ಅಲ್ಲಿ ಎಷ್ಟು ಜನ ಕೋಲಾಟ ಆಡಬಹುದು ಎಂಬುದರ ಅಳತೆ ಅದು. ನನ್ನನ್ನು ಕೊಟ್ಟ ಮನೆಯ ಅಡುಗೆಕೋಣೆ ನೋಡಿ, ಬೀಗರ ಎದುರಿಗೇ, "ಆರು ಜನ. ಒನಕೆ ಆಚೆಗಿಕ್ಕಿದ್ರೆ ಎಂಟು" ಅಂದಿದ್ದಳು. ನಾನು ನಾಚಿಕೆಯಿಂದ ತಲೆಯೆತ್ತಲಿಲ್ಲ.

ಅವಳು ನಮ್ಮಪ್ಪನ ತಂಗಿ. ಹುಲಿಕುಂಟೆ ಕಡೆಯ ನಮ್ಮೂರ ಹೆಂಗಸರಿಗೆಲ್ಲ ಜಡೆ ಕೋಲಾಟ ಕಲಿಸಿದವಳು. ಮೇಲಿನ ತೊಲೆಗೆ ಎಂಟು ಹಗ್ಗ ಕಟ್ಟಿರುತ್ತಾರೆ. ಎಡಗೈಲಿ ಹಗ್ಗ, ಬಲಗೈಲಿ ಕೋಲು ಹಿಡಿದು ಒಬ್ಬರನ್ನೊಬ್ಬರು ನುಸುಳುತ್ತ ಜಡೆ ಹೆಣೆಯಬೇಕು, ಹಾಗೆಯೇ ಹಿಂದೆ ಸುತ್ತಿ ಬಿಚ್ಚಬೇಕು. ಜಾಗ ಸಾಲದೆಂದು ಯಾರಾದರೂ ಗೊಣಗಿದರೆ, "ಜಾಗ ನೆಲದಾಗಿಲ್ಲ ಕಣಮ್ಮ, ಮೊಣಕೈನಾಗೈತೆ. ಒಳಕ್ಕೆ ಎಳ್ಕೋ" ಅನ್ನುವಳು.

ಪ್ಲೇಗು ಬಂದ ವರ್ಷ ಊರೆಲ್ಲ ಹೊಲದ ಗುಡಿಸಲು ಸೇರಿತ್ತು. ಮಾರಮ್ಮನಿಗೆ ಕೋಲಾಟದ ಹರಕೆ ಹೊತ್ತರು. ಊರ ಬೀದಿಯಲ್ಲಿ ಇಲಿ ಸತ್ತು ಬಿದ್ದಿದ್ದವು. ಆಡಲು ಉಳಿದದ್ದು ಹೊಲದ ಅಂಚಿನ ಗುಡಿಯ ಒಂದೇ ಅಂಕಣ, ನಾಲ್ಕು ಕಂಬದ ನಡುವಿನಷ್ಟು ಜಾಗ. ಸಿದ್ದತ್ತೆ ಕೋಲುಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಎಂಟು ಜನರನ್ನು ಅಷ್ಟರಲ್ಲೇ ಹೊಂದಿಸಿದಳು. ಮೂರು ತಿಂಗಳ ಕೂಸನ್ನು ಅವ್ವನ ಗುಡಿಸಲಲ್ಲಿ ಬಿಟ್ಟು, ಬಾಣಂತನಕ್ಕೆ ಬಂದಿದ್ದ ನಾನೂ ಆ ಎಂಟರಲ್ಲಿ ಸೇರಿದೆ.

ಜಡೆ ಅರ್ಧ ಹೆಣೆದಿತ್ತು. ಪ್ರತಿ ಸುತ್ತಿನಲ್ಲೂ ಜೊತೆಗೆ ಆಡುತ್ತಿದ್ದ ಗೌರಿಯ ತೋಳು ನನಗೆ ತಗಲುತ್ತಿತ್ತು. ಕಾದ ಹಂಚಿನಂತಿತ್ತು. ಪ್ಲೇಗಿನ ಜ್ವರವೇ ಅನ್ನಿಸಿತು. ಆದರೆ ಹರಕೆಯ ಜಡೆಯನ್ನು ಬಿಚ್ಚದೆ ನಡುವೆ ಬಿಟ್ಟರೆ ಬಿಟ್ಟವರ ಮನೆಗೇ ಮಾರಿ ಬರುತ್ತಾಳೆಂಬ ನಂಬಿಕೆ. ಕಂಬಕ್ಕೊರಗಿ ಪದ ಹೇಳುತ್ತಿದ್ದ ಅತ್ತೆಯ ಹತ್ತಿರ ಸುತ್ತಿ ಬಂದಾಗ, "ಗೌರಿ ಮೈ ಸುಡ್ತೈತೆ ಅತ್ತೆ" ಅಂದೆ.

ಅವಳು ಪದ ನಿಲ್ಲಿಸಲಿಲ್ಲ. ಒಳಗೆ ನುಸುಳಿ ನನ್ನ ಹಗ್ಗ ಹಿಡಿದಳು. ಪದದ ನಡುವೆಯೇ, "ನಿನ್ ಕೂಸು ಅಳ್ತೈತೆ, ಹೋಗು" ಅಂದಳು. ಅಷ್ಟು ದೂರದ ಗುಡಿಸಲಿನ ಅಳು ಅವಳಿಗೆ ಕೇಳಿಸುವಂತಿರಲಿಲ್ಲ. ನಾನು ಓಡಿದೆ. ಉಳಿದ ಆರು ಜನಕ್ಕೆ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಮನೆಗಳಲ್ಲೂ ಕೂಸುಗಳಿದ್ದವು. ನನಗೆ ಭಯವಾಗಿತ್ತು, ಅಷ್ಟೇ. ಜಡೆಯನ್ನು ಪೂರ್ತಿ ಬಿಚ್ಚಿದರೆಂದು ಆಮೇಲೆ ಕೇಳಿದೆ.

ನಾಲ್ಕೈದು ದಿನಕ್ಕೆ ಸಿದ್ದತ್ತೆಗೂ ಜ್ವರ ಬಂದು, ಬೇರೆ ಗುಡಿಸಲು ಹಾಕಿದರು. ನಾನು ಕೂಸನ್ನೆತ್ತಿಕೊಂಡು ಬದುವಿನ ಮೇಲೆ ನಿಂತೆ.

"ಅಲ್ಲೇ ನಿಂತ್ಕೋ. ಕೂಸು ಹೆಂಗೈತೆ?"

"ಚೆನ್ನಾಗೈತೆ ಅತ್ತೆ."

ಮೊಣಕೈಯೂರಿ ತಲೆಯೆತ್ತಿ, "ಮಿಕ್ಕೋರು?" ಅಂದಳು.

"ಎಲ್ಲಾರೂ ಚೆನ್ನಾಗವ್ರೆ" ಅಂದೆ.

"ಸದ್ಯ. ನಂಗೆ ಅದೇ ಭಯ ಆಗಿತ್ತು ಕಣವ್ವ" ಎಂದು ಕಣ್ಣು ಮುಚ್ಚಿದಳು. ಗೌರಿಯನ್ನೂ ಅವತ್ತು ಜೊತೆಗೆ ಆಡಿದ್ದ ಇನ್ನಿಬ್ಬರನ್ನೂ ಆ ಬೆಳಿಗ್ಗೆಯೇ ಮಣ್ಣು ಮಾಡಿ ಬಂದಿದ್ದರು.