ಉಪ್ಪು ನೀರಿಗೆ ಆರು ಹುಸಿನೊಣ

ಆ ಬೀದಿಯ ಟೈಲರನಿಗೆ ಕಪ್ತಾನ ಎಂಬ ಬಿರುದು ಅಂಟಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅವನು ಈವರೆಗೆ ಹತ್ತಿದ್ದ ಅತಿ ದೊಡ್ಡ ನೌಕೆಯೆಂದರೆ ಊರಾಚೆಯ ಕೆರೆಯಲ್ಲಿ ಅರ್ಧ ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ, ಹಂಸದ ಮೂತಿಯ ಪೆಡಲ್ ದೋಣಿ. ಆದರೇನು, ಇಸ್ತ್ರಿಪೆಟ್ಟಿಗೆಯಿಂದ ಹಬೆ ಎದ್ದರೆ ಸಾಕು, ಅವನ ಕಣ್ಣಿಗೆ ಕಡಲ ಮೇಲಿನ ಮಂಜು ಕಾಣಿಸುತ್ತಿತ್ತು. ಕೋಟಿನ ಅಳತೆಗೆ ಬಂದವರ ಹೊಟ್ಟೆಗೆ ಟೇಪು ಸುತ್ತಿ, "ಸ್ವಲ್ಪ ಉಸಿರು ಹಿಡ್ಕೊಳ್ಳಿ" ಎನ್ನುತ್ತಿದ್ದ. ಅವರು ಹಿಡಿದುಕೊಂಡರೆ ಮುಗಿಯಿತು. ಮೊಣಕಾಲುದ್ದದ ತಿಳಿನೀರು, ಹಾಸಿದ ಬಿಳಿ ಮರಳು, ಉಬ್ಬರದ ಜೊತೆ ಸದ್ದಿಲ್ಲದೆ ಒಳಗೆ ಬರುವ ಬೆಳ್ಳಿ ಮೀನು, ಅದು ಗಾಳ ಕಚ್ಚಿ ಒಂದೇ ಉಸಿರಿಗೆ ನೂರು ಮಾರು ದಾರ ಎಳೆದುಕೊಂಡು ಓಡುವ ವೈಭವ, ಎಲ್ಲವೂ ಬರುತ್ತಿತ್ತು. ಉಸಿರು ಕಟ್ಟಿ ನಿಂತವರು ನಡುವೆ ಬಾಯಿ ಹಾಕುವಂತಿರಲಿಲ್ಲ.

ಹಾಗೆಂದು ಅವನು ಬರೀ ಬಾಯಿಬಡುಕನಲ್ಲ. ವಾರದ ರಜೆಯ ದಿನ ಕೆರೆಯಲ್ಲಿ ಹುಸಿನೊಣದ ಗಾಳ ಬೀಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎರೆಹುಳು, ಹಿಟ್ಟಿನ ಉಂಡೆ ಎಂದರೆ ಅವನಿಗೆ ಅಸಹ್ಯ. ಕೊಕ್ಕೆಗೆ ಪುಕ್ಕ, ರೋಮ, ದಾರ ಸುತ್ತಿ ಮೀನಿನ ಕಣ್ಣಿಗೆ ಹುಳುವಿನಂತೆ ಕಾಣುವ ಸುಳ್ಳೊಂದನ್ನು ಕಟ್ಟಬೇಕು. ಉದ್ದನೆಯ ಕೋಲಿನಿಂದ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗಿ, ಮಲಗಿದ ಮಗುವಿಗೆ ಹೊದಿಕೆ ಹೊದಿಸಿದ ಹಾಗೆ ನೀರಿನ ಮೇಲೆ ಇಳಿಸಬೇಕು. ಇದು ಅವನ ಪಂಥ. ಕೆರೆಯಲ್ಲಿ ಸಿಗುತ್ತಿದ್ದುದು ಗೇಣುದ್ದದ ಮೀನುಗಳು. ಅವನ್ನು ವಾಪಸು ಬಿಟ್ಟು, ಮನೆಗೆ ಬರುವ ದಾರಿಯಲ್ಲಿ ಮೊಳದುದ್ದ ಮಾಡುತ್ತಿದ್ದ.

ಸಮುದ್ರಕ್ಕೆಂದೇ ಕಟ್ಟಿಟ್ಟ ಹುಸಿನೊಣಗಳು ಬೇರೆ. ಅವು ಒಟ್ಟು ನಲವತ್ತೊಂದು. ಕತ್ತರಿಸಿ ಉಳಿದ ಚೂರೆಲ್ಲ ಟೈಲರನದ್ದು ಎಂಬುದು ಆ ಕಸುಬಿನ ಬರೆಯದ ಕಾನೂನು. ಅದರ ಬಲದಿಂದ ಅವನು ಇಡೀ ಊರನ್ನೇ ಕೊಕ್ಕೆಗೆ ಸುತ್ತಿಟ್ಟಿದ್ದ. ಬ್ಯಾಂಕ್ ಮ್ಯಾನೇಜರರ ಕೋಟಿನ ಅಸ್ತರಿನಿಂದ ಎಳೆದ ರೇಷ್ಮೆ ಒಂದು ಸೀಗಡಿಯಾಗಿತ್ತು. ಅದರ ಹೆಸರು ಮ್ಯಾನೇಜರು. ಮದುಮಗಳ ಜರಿಯಂಚು ಹೊಳೆಯುವ ಮೀನಮರಿಯಾಗಿತ್ತು, ಅದು ಮದುಮಗಳು. ನರ್ಸಮ್ಮನ ಸಮವಸ್ತ್ರದ ಮಡಿಕೆ, ಪೋಸ್ಟ್‌ಮ್ಯಾನನ ಖಾಕಿ ಚಡ್ಡಿಯ ಅಂಚು, ಹೆಡ್‌ಮಾಸ್ಟರರ ಮಫ್ಲರಿನ ಕುಚ್ಚು, ಎಲ್ಲರೂ ಗುಂಡಿಯ ಡಬ್ಬಿಗಳಲ್ಲಿ ಸಾಲಾಗಿ ಮಲಗಿ ಕಡಲಿನ ಕರೆಗೆ ಕಾಯುತ್ತಿದ್ದರು.

ಕರೆ ಬಂದದ್ದು ಭಾವಮೈದುನನ ರೂಪದಲ್ಲಿ. ಬಸ್ಸಿನಲ್ಲಿ ಏಳು ಗಂಟೆ ದೂರದ ಬಂದರಿನಲ್ಲಿ ಕ್ರೇನು ಓಡಿಸುವವನು ಅಕ್ಕನ ಮನೆಗೆ ಬಂದು, ಕಾಫಿ ಲೋಟ ಕೆಳಗಿಡುತ್ತ, ಯಾವುದೋ ಚಿಲ್ಲರೆ ಸಂಗತಿಯೆಂಬಂತೆ ಹೇಳಿದ:

"ಭಾವ, ದೋಣಿ ಹೇಳಿಬಿಟ್ಟಿದೀನಿ. ನೀವು ಹೇಳ್ತೀರಲ್ಲ ಮೊಣಕಾಲುದ್ದ ನೀರು, ಅಂಥ ಜಾಗಕ್ಕೇ. ಬರೋ ವಾರದ ಶನಿವಾರ, ಭಾನುವಾರ. ಶುಕ್ರವಾರ ಬೆಳಗ್ಗೆ ಬಸ್ ಹತ್ತಿಬಿಡಿ."

ಕಪ್ತಾನನ ಕೈಯಲ್ಲಿದ್ದ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಇಪ್ಪತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಸಂಜೆಯೊಳಗೆ ಸುದ್ದಿ ಬೀದಿಯ ತುದಿ ಮುಟ್ಟಿತು. ಎದುರಂಗಡಿಯ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ ಬಂದು ಬಾಗಿಲಲ್ಲಿ ನಿಂತ.

"ಏನ್ ಕಪ್ತಾನರೇ, ಕೊನೆಗೂ ಹಡಗು ಹೊರಡ್ತಂತೆ?"

"ತಯಾರಿ ಆಗಬೇಕಲ್ಲಪ್ಪ. ಸಮುದ್ರ ಅಂದ್ರೆ ನಿನ್ನ ಟೇಬಲ್ ಗಡಿಯಾರವಾ, ಕೀಲಿ ಕೊಟ್ಟ ತಕ್ಷಣ ಹೊರಡೋಕೆ?"

"ಇಪ್ಪತ್ತು ವರ್ಷದಿಂದ ಕೀಲಿ ಕೊಡ್ತಾನೇ ಇದೀರಿ. ಸ್ಪ್ರಿಂಗ್ ಕಿತ್ಕೊಂಡೀತು, ಹುಷಾರು."

ಅಂದಿನಿಂದ ತಯಾರಿಯ ಮಹಾಪರ್ವ ಶುರುವಾಯಿತು. ಕೆರೆಯ ತೆಳು ಕೋಲು ಕಡಲಗಾಳಿಗೆ ತಡೆಯುವುದಿಲ್ಲವೆಂದು ದಪ್ಪ ಕೋಲು ತರಿಸಿದ. ಓಡುವ ಮೀನನ್ನು ನಿಧಾನಕ್ಕೆ ಹಿಡಿದು ನಿಲ್ಲಿಸುವ ಬ್ರೇಕಿರುವ ರೀಲು ಬಂತು. ನೀರಿನ ಮೇಲಿನ ಹೊಳಪು ಕಳೆದು ತಳ ತೋರಿಸುವ ಕಪ್ಪು ಕನ್ನಡಕ ಬಂತು. ಎಳೆದುಕೊಂಡ ದಾರ ಕಾಲಿಗೆ ಸುತ್ತದಿರಲೆಂದು ಈರುಳ್ಳಿ ಬುಟ್ಟಿಗೆ ಪಟ್ಟಿ ಹೊಲಿದು ಸೊಂಟಕ್ಕೆ ಕಟ್ಟಿಕೊಂಡ. ಈ ಸಕಲ ಆಯುಧಗಳೊಂದಿಗೆ ಮಹಡಿಯ ಮೇಲೆ ನಿಂತು ಅಭ್ಯಾಸಕ್ಕೆಂದು ಬೀಸಿದ ಮೊದಲ ಬೀಸಿಗೇ ಬೀದಿಯಾಚೆ ಗಡಿಯಾರದವನ ಟೋಪಿ ಸಿಕ್ಕಿಬಿತ್ತು. ಬೀದಿಗೆ ಬೀದಿಯೇ ನೋಡುತ್ತಿರಲು ಕಪ್ತಾನ ಅದನ್ನು ಆಡಿಸಿ, ದಣಿಸಿ, ಶಾಸ್ತ್ರೋಕ್ತವಾಗಿ ಮೇಲೆಳೆದುಕೊಂಡ.

"ಚಿಕ್ಕದಾಯ್ತು, ವಾಪಸು ಬಿಡಿ" ಎಂದು ಕೆಳಗಿನಿಂದ ಬೋಳುತಲೆ ಹೇಳಿತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಪ್ತಾನ ಕತ್ತರಿಸುವ ಮೇಜಿನ ಮೇಲೆ ನಲವತ್ತೊಂದನ್ನೂ ಹರಡಿ, ಯಾವುದನ್ನು ಒಯ್ಯಲಿ, ಯಾವುದನ್ನು ಬಿಡಲಿ ಎಂದು ಕೂರುತ್ತಿದ್ದ. ನೋಡುತ್ತ ನೋಡುತ್ತ ಮೇಜಿನ ಬಟ್ಟೆ ಮರಳಾಗುತ್ತಿತ್ತು. ಬಾಗಿಲ ಬಿಸಿಲು ಅಲೆಅಲೆಯಾಗಿ ಒಳಗೆ ಬಂದು, ಹೊಲಿಗೆ ಯಂತ್ರದ ಪೆಡಲು ಮುಳುಗುವಷ್ಟು ಏರುತ್ತಿತ್ತು. ನೇತುಹಾಕಿದ ಪ್ಯಾಂಟುಗಳ ನಡುವಿನಿಂದ ಬೆಳ್ಳಿ ಮೀನೊಂದು ನಿಧಾನವಾಗಿ ತೇಲಿ ಬಂದು, ಮ್ಯಾನೇಜರನ್ನು ಮೂಸಿ, ಮದುಮಗಳನ್ನು ಮೂಸಿ, ಕೊನೆಗೆ ಅವನು ಮನಸ್ಸಿನಲ್ಲಿ ನೆನೆದದ್ದನ್ನೇ ಕಚ್ಚುತ್ತಿತ್ತು. ಆ ಮೀನು ಒಮ್ಮೆಯೂ ತಪ್ಪಿಸಿಕೊಂಡದ್ದಿಲ್ಲ. ಅಂಥ ವಿಧೇಯ ಮೀನು ಯಾವ ಕಡಲಲ್ಲೂ ಇರಲಾರದು ಎಂಬುದು ಅವನಿಗೆ ಈಗೀಗ ಹೊಳೆಯತೊಡಗಿತ್ತು. ಹೋಗದೆ ಇದ್ದಷ್ಟು ದಿನ ಸಮುದ್ರ ಅವನದು. ಹೋಗಿ, ಬರಿಗೈಯಲ್ಲಿ ಬಂದು ನಿಂತರೆ? ಆಮೇಲೆ ಇಸ್ತ್ರಿಯ ಹಬೆ ಬರೀ ಹಬೆ. ಹಾಗಾಗಿ ಅವನ ತಯಾರಿ ದಿನಕ್ಕಿಷ್ಟು ಹಿಗ್ಗುತ್ತ ಹೋಯಿತು. ಕೈಗವಸು ಬೇಕು, ಅದು ಬರದೆ ಹೇಗೆ ಹೋಗುವುದು? ಗಾಳಿಯ ದಿಕ್ಕು ತಿಳಿಯದೆ ನೊಣ ಆರಿಸುವುದು ಹೇಗೆ?

ಆ ಭಾನುವಾರ ಅವನಿಗೆ ಇನ್ನೊಂದು ಪರೀಕ್ಷೆ ಹೊಳೆಯಿತು. ನೊಣಗಳು ನೀರಿನಲ್ಲಿ ಹೇಗೆ ಕಾಣುತ್ತವೆ? ಹಿತ್ತಲಲ್ಲಿ ಅವನ ಹೆಂಡತಿ ಮಾಸಿದ ಬಟ್ಟೆಗೆ ಬಣ್ಣ ಹಾಕುವ ಕೆಲಸ ಮಾಡುತ್ತಿದ್ದಳು. ಬಣ್ಣ ನಿಲ್ಲಲೆಂದು ಬೊಗಸೆಗಟ್ಟಲೆ ಉಪ್ಪು ಕದಡಿದ ತೊಟ್ಟಿ ಅಲ್ಲೇ ಇತ್ತು. ಕಪ್ತಾನ ನಲವತ್ತೊಂದನ್ನೂ ಒಂದು ಹಳೆ ಪರದೆಯ ಬಟ್ಟೆಯಲ್ಲಿ ಕಟ್ಟಿ ಅದರಲ್ಲಿ ಇಳಿಬಿಟ್ಟ.

"ರೀ, ಅದು ಉಪ್ಪುನೀರು."

"ಅದಕ್ಕೇ ಕಣೇ. ಸಮುದ್ರವೇ ಮನೆಗೆ ಬಂದ ಹಾಗಾಯ್ತು. ಎರಡು ದಿನ ನೆನೀಲಿ."

ಮಂಗಳವಾರ ಗಂಟು ಬಿಚ್ಚಿದರೆ ಊರಿಗೆ ಊರೇ ಕೆಂಪಾಗಿತ್ತು. ಮದುಮಗಳ ಜರಿಯ ತುಂಬ ತುಕ್ಕು; ನರ್ಸಮ್ಮನ ಬಿಳುಪು ಇಟ್ಟಿಗೆಯ ಬಣ್ಣ; ಹೆಡ್‌ಮಾಸ್ಟರರನ್ನು ಎರಡು ಬೆರಳಲ್ಲಿ ಒತ್ತಿದರೆ ಕೊಕ್ಕೆ ಪುಡಿಪುಡಿಯಾಗಿ ಉದುರಿತು. ಎಲ್ಲವನ್ನೂ ಕಟ್ಟಿದ್ದು ಕೆರೆಗೆಂದು ಕೊಂಡ ಸಾದಾ ಕೊಕ್ಕೆಗಳಿಗೆ. ಇಪ್ಪತ್ತು ವರ್ಷ ಸಮುದ್ರವನ್ನು ವರ್ಣಿಸಿದವನಿಗೆ, ಅದು ಉಪ್ಪಗಿರುತ್ತದೆ ಎಂಬುದೊಂದೇ ಮರೆತುಹೋಗಿತ್ತು.

"ಹೋಯ್ತು, ಎಲ್ಲಾ ಹೋಯ್ತು" ಎಂದು ಕಪ್ತಾನ ತಲೆಯ ಮೇಲೆ ಕೈಹೊತ್ತು ಕೂತ. "ಇನ್ನು ಹೇಗೆ ಹೋಗೋದು? ಮುಂದಿನ ವರ್ಷ ನೋಡೋಣ ಅಂತ ನಿನ್ನ ತಮ್ಮನಿಗೆ ಹೇಳಿಬಿಡು."

ದನಿಯಲ್ಲಿ ಶೋಕ ಧಾರಾಳವಾಗಿತ್ತು. ಆದರೆ ಹೆಗಲು, ಸುದ್ದಿ ಬಂದಂದಿನಿಂದ ಮೊದಲ ಬಾರಿಗೆ, ಸಡಿಲವಾಗಿ ಇಳಿದಿತ್ತು. ಬಣ್ಣದ ಕೈ ಒರೆಸಿಕೊಳ್ಳುತ್ತಿದ್ದ ಹೆಂಡತಿ ಆ ಹೆಗಲನ್ನೇ ನೋಡಿದಳು. ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿದಳು.

ಗುರುವಾರ ಮಧ್ಯಾಹ್ನ ಬಸ್ಸಿನ ಕಂಡಕ್ಟರೊಬ್ಬ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಪೊಟ್ಟಣ ತಂದುಕೊಟ್ಟ. ಒಳಗೆ ತುಕ್ಕು ಹಿಡಿಯದ ಉಕ್ಕಿನ ಕೊಕ್ಕೆಗಳು. ಬಂದರಿನ ಅಂಗಡಿಯಲ್ಲಿ ಉಳಿದಿದ್ದವು ಆರೇ ಆರು.

"ಆರಾ?" ಕಪ್ತಾನ ಹೌಹಾರಿದ. "ನಲವತ್ತೊಂದರಲ್ಲಿ ಆರನ್ನ ಆರಿಸೋದು ಅಂದ್ರೆ ಹುಡುಗಾಟವಾ? ಇದಕ್ಕೇ ಒಂದು ವರ್ಷ ಬೇಕು."

ಹೆಂಡತಿ ಸ್ಟೂಲು ಎಳೆದುಕೊಂಡು ಮೇಜಿನ ಮುಂದೆ ಕೂತಳು. "ಅದೇನು ತಿನ್ನುತ್ತೆ ಆ ನಿಮ್ಮ ಮೀನು?"

"ಸೀಗಡಿ. ಏಡಿ. ಮೀನಮರಿ."

"ಎರಡೆರಡು ಕಟ್ಟಿ. ಆರಾಯ್ತು."

ಇಪ್ಪತ್ತು ವರ್ಷದ ಚಿಂತನೆ ಹೀಗೆ ಒಂದೇ ಏಟಿಗೆ ಇತ್ಯರ್ಥವಾದದ್ದು ಕಪ್ತಾನನಿಗೆ ಅವಮಾನವೆನಿಸಿತು. "ಬಣ್ಣ?" ಎಂದು ಸವಾಲು ಹಾಕಿದ.

"ನೀರಿನ ತಳ ಯಾವ ಬಣ್ಣ?"

"ಬಿಳಿ ಮರಳು."

"ಹಾಗಾದ್ರೆ ಮಾಸಲು ಬಣ್ಣದವೇ ಇರಲಿ. ತಿನ್ನೋರಿಂದ ಬಚ್ಚಿಟ್ಕೊಳ್ಳೋ ಪ್ರಾಣಿ ಜರಿ ಉಟ್ಕೊಂಡು ಓಡಾಡುತ್ತಾ?"

ಹೀಗೆ ಮ್ಯಾನೇಜರು, ಮದುಮಗಳು ಮುಂತಾದ ಗಣ್ಯರು ದೋಣಿಯಿಂದ ಇಳಿದರು. ನರ್ಸಮ್ಮನ ತುಕ್ಕು ಹಿಡಿಯದ ಹೊಸ ಚೂರು, ಪೋಸ್ಟ್‌ಮ್ಯಾನನ ಖಾಕಿ, ಬೇಕರಿಯವನ ಏಪ್ರನ್ನಿನ ತುದಿ ಹತ್ತಿದವು. ಕಪ್ತಾನ ಕಟ್ಟತೊಡಗಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ದಾರ ಅವನ ಬೆರಳುಗಳ ನಡುವೆ ನಿಂತುಹೋಯಿತು.

"ನನಗೆ ಹೋಗೋಕೆ ಭಯ ಕಣೇ" ಎಂದ, ಮೇಜಿಗೆ ಹೇಳುವಂತೆ. "ಇಲ್ಲಿ ಕೂತು ನಾನು ಒಂದು ಮೀನನ್ನೂ ಕಳ್ಕೊಂಡಿಲ್ಲ."

"ಗೊತ್ತು. ಇಪ್ಪತ್ತು ವರ್ಷದಿಂದ ಅದೇ ಮೀನಿನ ಕತೆ ಕೇಳ್ತಾ ಇದೀನಿ" ಎಂದು ಅವಳು ದಾರದ ಇನ್ನೊಂದು ತುದಿ ಹಿಡಿದುಕೊಂಡಳು. "ಅದಕ್ಕೂ ಸಾಕಾಗಿರುತ್ತೆ ಪಾಪ. ಬಿಗಿಯಾಗಿ ಎಳೀರಿ, ಸಡಿಲಾಗ್ತಿದೆ."

ಶನಿವಾರ ಬೆಳಗಿನ ನೀರು ಅವನು ಹೇಳುತ್ತಿದ್ದ ಹಾಗೆಯೇ ಇತ್ತು. ಅದು ಅವನಿಗೇ ನಂಬಲಾಗಲಿಲ್ಲ. ದೋಣಿಯಿಂದ ಇಳಿದು ಮರಳ ಮೇಲೆ ಕಾಲಿಟ್ಟರೆ ಕಾಲ ಬೆರಳಿನ ಉಗುರುಗಳೆಲ್ಲ ಒಂದೊಂದಾಗಿ ಕಾಣುತ್ತಿದ್ದವು. ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಯಾರೋ ಒದ್ದೆ ಬೆರಳಿನಿಂದ ಒರೆಸಿಬಿಟ್ಟಿದ್ದರು. ದೋಣಿಯವನು ಮಾತು ಕಡಿಮೆಯ ಮನುಷ್ಯ. "ಅಗೋ" ಎಂದಷ್ಟೇ ಹೇಳಿ ಬೆರಳು ತೋರಿಸಿದ. ದೂರದಲ್ಲಿ, ಮರಳಿನ ಮೇಲೆ ನಾಲ್ಕು ನೆರಳುಗಳು ಜಾರುತ್ತಿದ್ದವು. ನೆರಳಷ್ಟೇ, ಮೀನುಗಳು ಕಾಣುತ್ತಿರಲಿಲ್ಲ.

ಮೊದಲ ಬೀಸಿನಲ್ಲಿ ದಾರ ಕಪ್ತಾನನ ಕೊರಳಿಗೇ ಸುತ್ತಿಕೊಂಡಿತು. ಎರಡನೆಯದು ಬುಟ್ಟಿಗೆ ತಗುಲಿತು. ಮೂರನೆಯದು ನೆರಳುಗಳ ತಲೆಯ ಮೇಲೇ ಬಿದ್ದು, ನಾಲ್ಕೂ ಚೆದುರಿ ಮಾಯವಾದವು. ದೋಣಿಯ ಮೇಲಿಂದ ಭಾವಮೈದುನ, "ಅಳತೆ ಸ್ವಲ್ಪ ದೊಡ್ಡದಾಯ್ತು ಭಾವ, ಎರಡಿಂಚು ತೆಗೀರಿ" ಎಂದ.

ಒಂಟಿ ನೆರಳೊಂದು ತಡವಾಗಿ ಬಂತು. ಕಪ್ತಾನ ಖಾಕಿ ಏಡಿಯನ್ನು ಅದರ ದಾರಿಯಲ್ಲಿ, ಮಾರಿನಷ್ಟು ಮುಂದೆ ಇಳಿಸಿದ. ನೆರಳು ನಿಂತಿತು. ತಲೆ ಬಗ್ಗಿತು. ಬಾಲದ ತುದಿ ನೀರಿನಿಂದ ಮೇಲೆದ್ದು ಬಿಸಿಲಿಗೆ ಬೆಳ್ಳಿಯ ಚೂರಿನಂತೆ ನಡುಗಿತು. ಆಮೇಲೆ ಏನಾಯಿತೆಂದು ಅವನಿಗೆ ಪೂರ್ತಿ ನೆನಪಿಲ್ಲ. ಬುಟ್ಟಿಯ ದಾರ ಭುಸುಗುಟ್ಟುತ್ತ ಖಾಲಿಯಾಯಿತು, ರೀಲು ಕಿರುಚಿತು, ಅವನು ಗಾಬರಿಯಲ್ಲಿ ಅದರ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ, ಕೋಲು ಬಿಲ್ಲಿನಂತೆ ಬಾಗಿತು, ಟಪ್ ಎಂದಿತು. ಕೋಲು ನೆಟ್ಟಗಾಯಿತು. ಮೀನು ಪೋಸ್ಟ್‌ಮ್ಯಾನನನ್ನು ಕರೆದುಕೊಂಡು ಹೊರಟುಹೋಗಿತ್ತು.

"ಓಡೋವಾಗ ಓಡೋಕೆ ಬಿಡಬೇಕು. ಹಿಡಿ ಮುಟ್ಟಬಾರದು" ಎಂದ ದೋಣಿಯವನು.

ಕಪ್ತಾನ ಕಾದು ನಿಂತ. ಈಗ ಆಗಬೇಕಿತ್ತು, ಅವನು ಇಷ್ಟು ವರ್ಷ ಹೆದರಿಕೊಂಡಿದ್ದದ್ದು: ಸಮುದ್ರ ಕುಗ್ಗಿ ಬರೀ ನೀರಾಗಿಬಿಡಬೇಕಿತ್ತು. ಅದು ಕುಗ್ಗಲಿಲ್ಲ. ಇನ್ನೂ ದೊಡ್ಡದಾಗಿ, ಇನ್ನೂ ಬೆಳ್ಳಗೆ, ಅವನನ್ನು ಲೆಕ್ಕಕ್ಕೇ ಇಡದೆ ಹರಡಿಕೊಂಡಿತ್ತು. ಅದರೊಳಗೆ ಎಲ್ಲೋ ಒಂದು ಮೀನು ಅವನ ಕೈಯ ಗಂಟನ್ನು ತುಟಿಯಲ್ಲಿ ಹೊತ್ತು ಓಡುತ್ತಿತ್ತು. ಅದರ ಉದ್ದ ಎಷ್ಟಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಉದ್ದ ಮಾಡಿ ಹೇಳಬೇಕೆಂದೂ ಅನಿಸಲಿಲ್ಲ.

ಎರಡನೆಯ ಏಡಿಯನ್ನು ತೆಗೆದು ಕಟ್ಟಹೋದರೆ, ಸೂಜಿಗಣ್ಣಿಗಿಂತ ದೊಡ್ಡದಾದ ಕೊಕ್ಕೆಯ ಕಣ್ಣಿನಲ್ಲೂ ದಾರ ಹೋಗಲೊಲ್ಲದು. ಭಾವಮೈದುನ ಇಳಿದು ಬಂದು, "ಕೊಡಿ ಭಾವ, ನಾನು ಕಟ್ಟಿಕೊಡ್ತೀನಿ" ಎಂದ.

"ಬೇಡ, ಸುಮ್ನಿರು."

"ನೀರು ಇಳೀತಿದೆ. ಇನ್ನು ಅರ್ಧ ಗಂಟೇಲಿ ದೋಣಿ ತಿರುಗಿಸ್ಬೇಕು, ಇಲ್ಲದಿದ್ರೆ ಮರಳಲ್ಲಿ ಕೂತ್ಕೊಳ್ಳುತ್ತೆ."

ದಾರ ಕೊನೆಗೂ ಕಣ್ಣಿನೊಳಗೆ ಹೋಯಿತು. ಕಪ್ತಾನ ತಲೆ ಎತ್ತದೆ ಗಂಟನ್ನು ಎಂಜಲು ಮಾಡಿ ಬಿಗಿದ.

"ನಾಳೆ ಎಷ್ಟೊತ್ತಿಗೆ ಹೊರಡೋದು?" ಎಂದು ದೋಣಿಯವನನ್ನು ಕೇಳಿದ.

"ಐದೂವರೆಗೆ."

"ಐದಕ್ಕೇ ಬಂದ್ರೆ ಆಗಲ್ವಾ?" ಎನ್ನುತ್ತ ಅವನು ಆಗಲೇ ನೆರಳುಗಳಿದ್ದ ಕಡೆಗೆ, ನೀರು ಕಲಕದ ಹಾಗೆ ಹೆಜ್ಜೆ ಎತ್ತಿಡುತ್ತ ನಡೆಯತೊಡಗಿದ್ದ.