ಗಲ್ಲದ ಮೇಲೆ ಬೇಡ, ನೆತ್ತಿಯ ಮೇಲೆ ಬೇಕು

“ಇದನ್ನೆಲ್ಲ ಯಾರು ಕಿತ್ತಿದ್ದು?” ಎಂದು ಕೇಳಿದರು ಡಾಕ್ಟರಮ್ಮ.

ನನ್ನ ಮೊಮ್ಮಗಳು ಮೇಘಾಳ ಗಲ್ಲವನ್ನು ದೀಪದ ಕೆಳಗೆ ಅತ್ತಿತ್ತ ತಿರುಗಿಸಿ ನೋಡುತ್ತಿದ್ದರು. ಒಂದೇ ಒಂದು ಕೂದಲಿಲ್ಲ. ಸುಲಿದ ಬಾಳೆಹಣ್ಣಿನ ನುಣುಪು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, “ನಾನೇ! ಎರಡು ಭಾನುವಾರ ಚಿಮಟ ಹಿಡ್ಕೊಂಡು ಕೂತಿದ್ದೆ. ಒಂದೂ ಬಿಟ್ಟಿಲ್ಲ” ಎಂದೆ. ಶಭಾಷ್ ಅನ್ನುತ್ತಾರೆ ಎಂದುಕೊಂಡಿದ್ದೆ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಜ್ಜಿ, ಲೇಸರ್ ಹೊಡೆಯೋದು ಕೂದಲಿನ ಬೇರಿಗೆ. ನೀವು ಬೇರನ್ನೇ ಕಿತ್ತು ಹಾಕಿದೀರ. ಈಗ ನಾನು ಯಾವುದಕ್ಕೆ ಹೊಡೀಲಿ? ಒಂದೂವರೆ ತಿಂಗಳು ಬಿಟ್ಟು ಬನ್ನಿ. ಅಲ್ಲೀವರೆಗೆ ಕೀಳೋ ಹಾಗಿಲ್ಲ, ದಾರ ಹಾಕೋ ಹಾಗಿಲ್ಲ, ವ್ಯಾಕ್ಸ್ ಮಾಡೋ ಹಾಗಿಲ್ಲ. ಶೇವ್ ಮಾತ್ರ.”

ನೀವೇ ಹೇಳಿ. ಹಲ್ಲಿನ ಡಾಕ್ಟರ ಹತ್ತಿರ ಹೋಗುವ ಮುಂಚೆ ಹಲ್ಲುಜ್ಜಿಕೊಂಡು ಹೋಗುವುದಿಲ್ಲವೇ? ಕೂದಲು ತೆಗೆಯುವವರ ಹತ್ತಿರ ಹೋಗುವ ಮುಂಚೆ ಒಂದಿಷ್ಟು ತೆಗೆದುಕೊಂಡು ಹೋದರೆ ಅವರ ಕೆಲಸ ಕಮ್ಮಿಯಾಗುತ್ತದೆ ಎಂದು ತಿಳಿದೆ. ಮೇಘಾ ಮೊದಲೇ ಕೇಳಿದ್ದಳು, “ಅಜ್ಜಿ, ಏನೂ ಆಗಲ್ಲ ತಾನೇ?” ಎಂದು. “ನಲವತ್ತು ವರ್ಷ ಮದುಮಕ್ಕಳ ತಲೆ ನೋಡಿದೀನಿ, ನನಗೆ ಹೇಳ್ಕೊಡ್ತೀಯಾ?” ಎಂದು ಗದರಿದ್ದೆ. ಅವಳು ನಂಬಿ ಗಲ್ಲ ಕೊಟ್ಟಳು.



ನಾನು ಚಾಮರಾಜಪೇಟೆಯಲ್ಲಿ ಮೊಗ್ಗಿನ ಜಡೆ ಕಟ್ಟುವವಳು ಎಂಬುದು ನಿಮಗೆ ಗೊತ್ತೇ ಇದೆ. ಮೇಘಾಳ ವಿಷಯ ಇದುವರೆಗೆ ಈ ಅಂಕಣದಲ್ಲಿ ಬರೆದಿರಲಿಲ್ಲ. (ಈಗ ಅವಳೇ “ಬರಿ ಅಜ್ಜಿ, ಹಳೇ ಹೆಸರು ಮಾತ್ರ ಹಾಕ್ಬೇಡ” ಎಂದಿದ್ದಾಳೆ.) ನನ್ನ ಮಗನಿಗೆ ಇಬ್ಬರು ಮಕ್ಕಳು. ದೊಡ್ಡವಳು ರೂಪಾ. ಎರಡನೆಯದನ್ನು ಹುಡುಗ ಎಂದೇ ಬೆಳೆಸಿದೆವು. ಎರಡು ವರ್ಷದ ಹಿಂದೆ ಅದು ನಮ್ಮನ್ನೆಲ್ಲ ಕೂರಿಸಿ, “ನಾನು ಹುಡುಗ ಅಲ್ಲ, ಹುಡುಗಿ. ಇನ್ಮೇಲೆ ಮೇಘಾ ಅಂತ ಕರೀರಿ” ಎಂದಿತು. ನಾನು ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಒಂದು ಮದುವೆಯ ಆರ್ಡರ್ ಬಂತು, ಮೊಗ್ಗು ಪೋಣಿಸಲು ಕೈ ಸಾಲಲಿಲ್ಲ. “ಮೇಘಾ, ಬಾರೇ ಇಲ್ಲಿ” ಎಂದು ಕೂಗಿದೆ. ಅಷ್ಟೇ ನಡೆದದ್ದು. (ದೊಡ್ಡ ಮನಸ್ಸು ಗಿನಸ್ಸು ಏನೂ ಇಲ್ಲ. ಹೂವು ಕಾಯುವುದಿಲ್ಲ.)

ಈಗ ರೂಪಾ ಬಸುರಿ. ಸೀಮಂತಕ್ಕೆ ಮೂರು ವಾರ ಉಳಿದಿತ್ತು. ಮೊದಲ ಬಳೆ ತಂಗಿಯೇ ತೊಡಿಸಬೇಕು ಎಂದು ಅವಳ ಹಟ. ನೆಂಟರೆಲ್ಲ ಮೇಘಾಳನ್ನು ಸೀರೆಯಲ್ಲಿ ನೋಡುವುದು ಅದೇ ಮೊದಲು. “ಒಂದು ಸಿಟ್ಟಿಂಗ್ ಆದ್ರೂ ಲೇಸರ್ ಆಗಿರ್ಲಿ. ಗಲ್ಲದ ಮೇಲೆ ಆ ನೀಲಿ ನೆರಳು ಸ್ವಲ್ಪ ಕಮ್ಮಿ ಆದ್ರೆ ಸಾಕು, ಬರ್ತೀನಿ” ಎಂದಿದ್ದಳು ಮೇಘಾ.

ಆ ಒಂದು ಸಿಟ್ಟಿಂಗನ್ನು ನಾನು ಚಿಮಟದಲ್ಲಿ ಕಿತ್ತು ಬಿಸಾಡಿದ್ದೆ.

“ಅದಕ್ಕೇನೀಗ? ಸೀಮಂತದ ಹಿಂದಿನ ದಿನ ಇನ್ನೊಂದು ಸಲ ಕಿತ್ಬಿಡ್ತೀನಿ. ನುಣ್ಣಗಿರತ್ತೆ” ಎಂದೆ ಮನೆಗೆ ಬಂದು.

“ಆಮೇಲೆ? ಅಲ್ಲಿಂದ ಮತ್ತೆ ಒಂದೂವರೆ ತಿಂಗಳು ಕಾಯೋದಾ? ಒಂದು ದಿನದ ನುಣುಪು ಬೇಡ ಅಜ್ಜಿ ನಂಗೆ. ಪೂರ್ತಿ ಹೋಗ್ಬೇಕು. ನಾನು ಸೀಮಂತಕ್ಕೆ ಬರಲ್ಲ, ಬಿಡು.”

ರೂಪಾಳಿಗೆ ಫೋನಿನಲ್ಲಿ ಹೇಳಿದರೆ ಅವಳು ಅತ್ತಳು. ಬಸುರಿಯನ್ನು ಅಳಿಸಿದ ಪಾಪ ಯಾರ ತಲೆಗೆ? ನನ್ನ ತಲೆಗೇ. ಹಾಗಾಗಿ ಈ ಕೂದಲಿನ ಶಾಸ್ತ್ರವನ್ನು ತಿಳಿದುಕೊಳ್ಳಲೇಬೇಕು ಎಂದು ಹೊರಟೆ. ತಿಳಿಯಿತೇ? ಇನ್ನೂ ಇಲ್ಲ.

ಮರುದಿನ ಒಬ್ಬಳೇ ಡಾಕ್ಟರಮ್ಮನ ಹತ್ತಿರ ಹೋಗಿ ಕೂತೆ. ಲೇಸರ್ ಬಿಟ್ಟು ಬೇರೇನಿದೆ? ಇದೆಯಂತೆ. ಎಲೆಕ್ಟ್ರಾಲಿಸಿಸ್. ಒಂದೊಂದು ಕೂದಲಿನ ಬುಡಕ್ಕೂ ಸೂಜಿ ಇಳಿಸಿ ಕರೆಂಟ್ ಕೊಡುವುದು. ಲೇಸರ್‌ಗೆ ಕರಿ ಕೂದಲು ಮಾತ್ರ ಕಾಣುತ್ತದೆ, ಬಿಳಿಯದು ಕಾಣುವುದಿಲ್ಲ. ಸೂಜಿಗೆ ಎಲ್ಲವೂ ಒಂದೇ. ಲೇಸರ್ ಬೇಗ, ಆದರೆ ಅಲ್ಲೊಂದು ಇಲ್ಲೊಂದು ಮತ್ತೆ ಬರಬಹುದು. ಸೂಜಿ ಬಿದ್ದಲ್ಲಿ ಮತ್ತೆ ಬರುವುದಿಲ್ಲ, ಆದರೆ ವರ್ಷಗಟ್ಟಲೆ ಕೂರಬೇಕು, ನೋವು ಬೇರೆ. ಲೇಸರ್‌ಗೆ ಬೋಳಿಸಿಕೊಂಡು ಹೋಗಬೇಕು. ಸೂಜಿಗೆ ಬೆಳೆಸಿಕೊಂಡು ಹೋಗಬೇಕು!

“ಹೆಣ್ಣಾಗೋಕೆ ಗಡ್ಡ ಬಿಡಬೇಕಾ?” ಎಂದು ಕೇಳಿದೆ.

“ಎರಡು ಮೂರು ದಿನದ್ದು, ಅಜ್ಜಿ. ಸೂಜಿ ಹಾಕೋರಿಗೆ ಹಿಡಿಯೋಕೆ ಕೂದಲು ಬೇಕಲ್ಲ.”

“ಅವಳು ನುಂಗೋ ಹಾರ್ಮೋನ್ ಮಾತ್ರೆಗೆ ಗಡ್ಡ ಉದುರಲ್ವಾ?”

“ಮೈ ಕೂದಲು ತೆಳ್ಳಗಾಗತ್ತೆ. ಬಂದಿರೋ ಗಡ್ಡ ಹೋಗಲ್ಲ. ತಲೆ ಕೂದಲು ಉದುರೋದು ನಿಲ್ಲತ್ತೆ, ಅದೃಷ್ಟ ಇದ್ರೆ ಒಂದಿಷ್ಟು ವಾಪಸ್ ಬರತ್ತೆ.”

ಹೌದು, ತಲೆಯದು ಇನ್ನೊಂದು ಕಥೆ. ಮೇಘಾಳಿಗೆ ಅವಳ ಅಪ್ಪನ ಹಣೆ. ಇಪ್ಪತ್ತಾರಕ್ಕೇ ಎರಡೂ ಕಡೆ ಕೂದಲು ಹಿಂದಕ್ಕೆ ಸರಿದಿದೆ. ಅದಕ್ಕೊಂದು ಲೋಷನ್ ಕೊಟ್ಟಿದ್ದಾರೆ. ಹಚ್ಚಿದರೆ ಮೊದಲು ಇನ್ನಷ್ಟು ಉದುರುತ್ತದಂತೆ, ಆಮೇಲೆ ಬರುತ್ತದಂತೆ. ಹಣೆಯಿಂದ ಕೆನ್ನೆಗೆ ಇಳಿದರೆ ಅಲ್ಲೂ ಕೂದಲು ಹುಟ್ಟಬಹುದಂತೆ. ಕೆಳಗೆ ಸುಡುವುದು, ಮೇಲೆ ಬಿತ್ತುವುದು, ಮೇಲಿನ ನೀರು ಕೆಳಗಿನ ಗದ್ದೆಗೆ ಹರಿಯದ ಹಾಗೆ ಕಾಯುವುದು. ನಾಲ್ಕನೇ ಕ್ಲಾಸು ಓದಿದವಳಿಗೆ ಅರ್ಥವಾಗುವ ಮಾತೇ ಇದು?

ಇಷ್ಟಕ್ಕೇ ಬಿಡಲಿಲ್ಲ. ಮೆಟ್ರೊ ಹತ್ತಿ ಮಲ್ಲೇಶ್ವರಕ್ಕೆ ಹೋದೆ. ಅಲ್ಲಿ ಕೂದಲು ನೆಡುವ ಅಂಗಡಿಯೊಂದಿದೆ (ಅವರು ಸೆಂಟರ್ ಅನ್ನುತ್ತಾರೆ). ಟೈ ಕಟ್ಟಿದ ಹುಡುಗ ನನ್ನ ತಲೆಯ ಗಂಟನ್ನು ನೋಡಿ, “ಆಂಟಿ, ನಿಮಗೇನು ಪ್ರಾಬ್ಲಮ್? ಸೂಪರಾಗಿದೆಯಲ್ಲ” ಎಂದ. ಮೊಮ್ಮಗಳಿಗೆ ಎಂದೆ. ಹಿಂದಲೆಯಿಂದ ಕೂದಲು ತೆಗೆದು ಮುಂದಲೆಗೆ ನೆಡುತ್ತಾರಂತೆ. ನೆಟ್ಟದ್ದು ತಿಂಗಳೊಪ್ಪತ್ತಿನಲ್ಲಿ ಉದುರಿ, ಮತ್ತೆ ನಿಧಾನಕ್ಕೆ ಹುಟ್ಟುತ್ತದಂತೆ. “ನಾಳೆನೇ ಬುಕ್ ಮಾಡ್ಲಾ?” ಎಂದ. ಡಾಕ್ಟರಮ್ಮ ಮಾತ್ರ, ಹಾರ್ಮೋನ್ ಒಂದು ವರ್ಷ ಕೆಲಸ ಮಾಡಲಿ, ತಾನಾಗಿ ಎಷ್ಟು ಬರುತ್ತದೆ ನೋಡಿ ಆಮೇಲೆ ನೆಡಿಸಿ ಎಂದಿದ್ದರು. ಯಾರ ಮಾತು ಹಿಡಿಯಬೇಕು? ಅವಸರ ಮಾಡುವವನದ್ದನ್ನಂತೂ ಅಲ್ಲ. ಅವಸರದ ಫಲ ನಾನು ನೋಡಿದ್ದೇನೆ.

ಮನೆಗೆ ಬಂದು ನನ್ನ ಪೆಟ್ಟಿಗೆ ತೆಗೆದೆ. ಉದ್ದದ ಚೌರಿ, ಒಳ್ಳೆಯ ಕೂದಲಿನದು. “ಇದನ್ನ ಹಾಕ್ಕೋ, ತಾಪತ್ರಯ ಮುಗೀತು. ಎಂಥೆಂಥ ದೊಡ್ಡ ಮನೆ ಮದುಮಕ್ಕಳಿಗೆ ಹಾಕಿದೀನಿ. ಜಡೆಯಲ್ಲಿ ಅರ್ಧ ಚೌರಿ, ಮೇಲೆ ಬಾಳೆಪಟ್ಟೆ, ಅದರ ಮೇಲೆ ಮೊಗ್ಗು. ಯಾರಾದ್ರೂ ಕೇಳಿದ್ರಾ ಒಳಗೆ ಯಾರ ಕೂದಲು ಅಂತ?”

ಮೇಘಾ ಚೌರಿಯನ್ನು ನನ್ನ ಕೈಗೇ ವಾಪಸ್ ಕೊಟ್ಟಳು. “ಅವರೆಲ್ಲ ಸಾಯಂಕಾಲ ಅದನ್ನ ಬಿಚ್ಚಿಟ್ರೂ ಹೆಂಗಸರೇ ಅಜ್ಜಿ. ನಾನು ಬಿಚ್ಚಿಟ್ರೆ ಕನ್ನಡೀಲಿ ಬೇರೆ ಯಾರೋ ಇರ್ತಾರೆ.”

ಚೌರಿಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆ. ಒಂದು ಮಾತು ಹೇಳಿದೆ, ನನ್ನ ಜಾಯಮಾನಕ್ಕೆ ಅದೇ ಹೆಚ್ಚು. “ತಪ್ಪು ನಂದು ಕಣೇ. ಡಾಕ್ಟರನ್ನ ಕೇಳದೇ ಕಿತ್ತೆ. ಸೀಮಂತಕ್ಕೆ ಬಂದ್ರೆ ಬಾ, ಬಿಟ್ರೆ ಬಿಡು. ಆದ್ರೆ ರೂಪನ ಜಡೆಗೆ ಸೂಜಿ ಪೋಣಿಸೋಕೆ ನಂಗೆ ಕಣ್ಣು ಕಾಣಲ್ಲ.”

“ಹೂ ಕಟ್ಟೋಕೆ ಬರ್ತೀನಿ. ಹಾಲ್‌ಗೆ ಬರಲ್ಲ” ಎಂದಳು.

ಸೀಮಂತದ ಬೆಳಿಗ್ಗೆ ಬಸವನಗುಡಿಯ ಛತ್ರದ ಹಿಂದಿನ ರೂಮಿನಲ್ಲಿ ನಾವು ಮೂವರು. ಮೇಘಾ ಹಸಿರು ಸೀರೆ ಉಟ್ಟಿದ್ದಳು, ತನ್ನದೇ ಕೂದಲನ್ನು ಹಿಂದಕ್ಕೆ ಬಾಚಿ ಗಂಟು ಹಾಕಿದ್ದಳು, ಹಣೆಯ ಎರಡೂ ಮೂಲೆ ಹಾಗೇ ಕಾಣುತ್ತಿತ್ತು. ಮುಖಕ್ಕೆ ಮಾಸ್ಕ್. ಅವಳ ಕೆಲಸ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ, ಅಲ್ಲಿ ಇಡೀ ದಿನ ಮಾಸ್ಕ್ ಇರುತ್ತದೆ. ಅದರೊಳಗೆ ಅವಳಿಗೆ ನೆಮ್ಮದಿ. ಜಡೆ ಕೂರಿಸಿ, ಕುಚ್ಚು ಕಟ್ಟಿ, ಕೊನೆಯ ಪಿನ್ ಚುಚ್ಚಿದ ಮೇಲೆ ರೂಪಾ ಎದ್ದಳು. ತಂಗಿಯ ಕೈ ಹಿಡಿದಳು. “ಹೊಟ್ಟೆ ಭಾರ, ಮೆಟ್ಟಿಲಿದೆ, ಹಿಡ್ಕೊಂಡು ಬಾ” ಎಂದಳು. ಬಸುರಿಯ ಕೈ ಕೊಸರಿಕೊಳ್ಳಲಾಗುತ್ತದೆಯೇ? ಹಾಗೇ ಹಾಲ್‌ಗೆ ಬಂದುಬಿಟ್ಟರು. (ಛತ್ರದಲ್ಲಿ ಇದ್ದ ಮೆಟ್ಟಿಲು ಒಂದೇ.)

ನನ್ನ ನಾದಿನಿ ನಾಗರತ್ನ ಮುಂದಿನ ಸಾಲಿನಲ್ಲಿದ್ದಳು. ಅವಳ ಬಾಯಿ ಬಸ್‌ಸ್ಟ್ಯಾಂಡ್. “ಏನೇ, ಮಾಸ್ಕು? ಕೆಮ್ಮಾ? ಬಸುರಿ ಹತ್ರ ಕೆಮ್ಮಿಟ್ಕೊಂಡು ಬಂದಿದೀಯಾ?”

ಹಾಲ್‌ನಲ್ಲಿದ್ದವರೆಲ್ಲ ತಿರುಗಿದರು. ಮೇಘಾ ನನ್ನತ್ತ ನೋಡಿದಳು. ನಾನೇನು ಮಾಡಲಿ? ಗಲ್ಲ ಅವಳದು. ಒಂದು ಸಲ ನಾನು ಕೈ ಹಾಕಿ ಆಗಿದೆ.

ಅವಳೇ ಮಾಸ್ಕ್ ತೆಗೆದಳು. ಶೇವ್ ಮಾಡಿ ಮೇಲೆ ಏನೋ ಬಣ್ಣ ಬಳಿದಿದ್ದಳು, ಆದರೂ ಹತ್ತಿರದಿಂದ ನೋಡಿದರೆ ನೆರಳು ಕಾಣುತ್ತಿತ್ತು. “ಕೆಮ್ಮಿಲ್ಲ ಅಜ್ಜಿ. ಗಡ್ಡ” ಎಂದಳು ನಾಗರತ್ನಳಿಗೆ. ಬಳೆ ತೆಗೆದು ಅಕ್ಕನಿಗೆ ತೊಡಿಸಿದಳು. ಒಂದೂ ಒಡೆಯಲಿಲ್ಲ.

ಊಟದ ಹೊತ್ತಿಗೆ ನಾಗರತ್ನ ಕೈತೊಳೆಯುವಲ್ಲಿ ನನ್ನನ್ನು ಮೂಲೆಗೆ ಎಳೆದಳು. ಜಗಳಕ್ಕೇ ಎಂದು ಸೆರಗು ಸಿಕ್ಕಿಸಿಕೊಂಡೆ. ಅವಳು ಗಲ್ಲ ಎತ್ತಿ ತೋರಿಸಿದಳು. “ಅತ್ತಿಗೆ, ನಂಗೂ ಇಲ್ಲಿ ನಾಲ್ಕು ದಪ್ಪಗೆ ಬರ್ತಿದೆ. ಆ ಹುಡುಗಿ ಹೋಗೋದು ಯಾವ ಡಾಕ್ಟ್ರಿಗೆ?”

“ಕರೀದಾ ಬಿಳೀದಾ?”

“ಎರಡು ಎರಡು.”

“ಹಾಗಾದ್ರೆ ಅವಳನ್ನೇ ಕೇಳು. ನಂಗೆ ತಲೆ ಕೆಟ್ಟಿದೆ.”

ಕೇಳಿದಳು. ಮೇಘಾ ಬಾಳೆಲೆಯ ಮುಂದೆ ಕೂತು ಅರ್ಧ ಗಂಟೆ ವಿವರಿಸಿದಳು. ಪಾಯಸ ಬರುವ ಹೊತ್ತಿಗೆ ಇನ್ನೂ ಮೂವರು ಹೆಂಗಸರು ಅವಳ ಪಕ್ಕಕ್ಕೆ ಜರುಗಿದ್ದರು. ಎಲ್ಲರೂ ಮೆತ್ತಗಾದರು ಎಂದು ತಿಳಿಯಬೇಡಿ. ಇಬ್ಬರು ಅವಳು ಕೂತ ಪಂಕ್ತಿಯಲ್ಲಿ ಕೂರದೆ ಎದ್ದು ಹೋದರು. ಹೋಗಲಿ, ಹೋಳಿಗೆ ಉಳಿಯಿತು.

ತಾಂಬೂಲ ಕೊಡುವಾಗ ಮಾತು ರೂಪಾಳ ಹೊಟ್ಟೆಗೆ ತಿರುಗಿತು. ಹೊಟ್ಟೆ ಚೂಪಾಗಿದೆ, ಗಂಡೇ ಎಂದಳು ಒಬ್ಬಳು. ಮುಖಕ್ಕೆ ಕಳೆ ಬಂದಿದೆ, ಹೆಣ್ಣೇ ಎಂದಳು ಇನ್ನೊಬ್ಬಳು. “ದೊಡ್ಡವರು ನೀವು ಹೇಳಿ, ಗಂಡೋ ಹೆಣ್ಣೋ?” ಎಂದು ನನ್ನನ್ನು ಹಿಡಿದುಕೊಂಡರು. ಇಪ್ಪತ್ತಾರು ವರ್ಷದ ಹಿಂದೆ ಹೀಗೇ ಒಂದು ಹೊಟ್ಟೆ ನೋಡಿ ಗಂಡು ಎಂದು ಹೇಳಿ, ಹುಟ್ಟಿದ ದಿನ ಬೀದಿಗೆಲ್ಲ ಸಕ್ಕರೆ ಹಂಚಿದವಳು ನಾನು. ಮೇಘಾ ತಟ್ಟೆ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಹುಟ್ಟಿದವರೇ ಬೆಳೆದು ಬಂದು ಹೇಳ್ಲಿ ಅಂತ ಈ ಸಲ ಕಾದ್ರೆ, ನಿಮ್ಮ ಗಂಟೇನು ಹೋಗತ್ತೆ?” ಎಂದೆ.