ಕ್ಲಾಬೌಟರ್‌ಮನ್ ಮತ್ತು ಹಿತ್ತಲ ಸುರಹೊನ್ನೆ

ಅರವತ್ತರ ದಶಕದ ಆರಂಭ. ಹ್ಯಾಂಬರ್ಗಿನಲ್ಲಿ ದೋಣಿ ಕಟ್ಟುವ ಕಾರ್ಖಾನೆಗೆ ಸೇರಿದ ಮೊದಲ ದಿನವೇ ನನ್ನ ಮೇಸ್ತ್ರಿ ಹೈಂಟ್ಸ್ ಹಳೆಯ ಮರದ ದೋಣಿಯೊಂದರ ಹೊಟ್ಟೆಗೆ ಮೂರು ಸಲ ತಟ್ಟಿ, ಕಿವಿಯಿಟ್ಟು ನಿಂತ. ಒಳಗೆ ಯಾರೂ ಇರಲಿಲ್ಲ. ತಲೆ ನರೆತ ಗಂಡಸು ಖಾಲಿ ದೋಣಿಯ ಉತ್ತರಕ್ಕೆ ಕಾಯುವುದನ್ನು ಕಂಡು ನನಗೆ ದಿಗಿಲಾಯಿತು. "ಕ್ಲಾಬೌಟರ್‌ಮನ್," ಎಂದು ಅವನು ನಕ್ಕ.

ಅದು ಇಲ್ಲಿನ ನಾವಿಕರು ತಮಾಷೆಗೆ ಆಡುವ ಮಾತು. ಹಡಗಿನೊಳಗೆ ಕುಳಿತು ಹಲಗೆ ಬಡಿಯುವ ಕುಳ್ಳ ಭೂತಕ್ಕೆ ಆ ಹೆಸರು. ನೀರು ನುಗ್ಗದಂತೆ ಹಲಗೆಯ ಸಂದಿಗೆ ನಾರು ತುರುಕುವುದಕ್ಕೆ ಇವರು 'ಕಾಲ್‌ಫಾಟರ್ನ್' ಅನ್ನುತ್ತಾರೆ. ಹೆಸರು ಅಲ್ಲಿಂದ ಬಂತೆಂದು ಹೈಂಟ್ಸ್ ಹೇಳಿದರೆ, ಬಡಿಯುವ ಸದ್ದಿನಿಂದಲೇ ಎಂದು ಅವನ ತಮ್ಮ. ನಾನು ಹೊನ್ನಾವರದಲ್ಲಿ ಹತ್ತಿಯ ಎಳೆ ತುರುಕಿದವನು. ಭಾಷೆ ಬಾರದಿದ್ದರೂ ಆ ಕೆಲಸದಲ್ಲಿ ಯಾರಿಗೂ ಸೋಲಲಿಲ್ಲ. ಅನ್ನಕ್ಕೆ ಸಕ್ಕರೆ ಹಾಕಿ ಕೊಡುವ ಮನೆಯೊಡತಿಗೂ ಒಗ್ಗಿಕೊಂಡೆ.

ಚಳಿಗಾಲದ ಒಂದು ಮಧ್ಯಾಹ್ನ ಬ್ರೆಡ್ಡು ತಿನ್ನುತ್ತ, ಈ ಭೂತ ಬರುವುದಾದರೂ ಎಲ್ಲಿಂದ ಎಂದು ಕಲಿತಷ್ಟು ಜರ್ಮನ್‌ನಲ್ಲಿ ಹೈಂಟ್ಸ್‌ನನ್ನು ಕೇಳಿದೆ.

"ಸತ್ತ ಮಗುವನ್ನು ಮರದ ಬುಡದಲ್ಲಿ ಹೂಳಿದರೆ ಜೀವ ಮರಕ್ಕೆ ಸೇರುತ್ತದೆ. ಆ ಮರದಿಂದ ಹಡಗು ಕಟ್ಟಿದರೆ ಮಗುವೂ ಹೊರಟಿತು," ಎಂದ.

ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟೆ. ನಮ್ಮಲ್ಲೂ ಎಳೆಗೂಸನ್ನು ಸುಡುವುದಿಲ್ಲ, ಹೂಳುತ್ತೇವೆ. ನಮ್ಮ ಮೂರು ತಿಂಗಳ ಮಗಳು ಹಿತ್ತಲ ಸುರಹೊನ್ನೆ ಮರದ ಕೆಳಗಿದ್ದಳು. ಭಟ್ಕಳದ ಸಾಹುಕಾರರೊಬ್ಬರಿಗೆ ಮಚವೆ, ಅಂದರೆ ಸರಕಿನ ಹಾಯಿದೋಣಿ, ಕಟ್ಟುವಾಗ ಅದರ ಮೂತಿಗೆ ಹುಟ್ಟಿನಿಂದಲೇ ಬಾಗಿದ ಮರ ಬೇಕಾಗಿತ್ತು. ಕುಮಟೆಯವರೆಗೆ ಹುಡುಕಿದರೂ ಸಿಗದೆ, ಬಾಗಿ ಬೆಳೆದಿದ್ದ ಆ ಸುರಹೊನ್ನೆಯನ್ನೇ ಕಡಿದೆ. ಹೆಂಡತಿ ನಾಗವೇಣಿ ಅಡ್ಡ ನಿಂತಿದ್ದಳು. "ಎಂತ ಆಗೂದಿಲ್ಲ, ಮರ ಮರವೇ," ಎಂದಿದ್ದೆ. ಆಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು. ಆ ಮೌನ ತಾಳಲಾರದೆಯೇ ನಾನು ಹಡಗಿನ ಬಡಗಿಯಾಗಿ ಸೇರಿ ಇಷ್ಟು ದೂರ ಬಂದದ್ದು.

ಆ ಮಧ್ಯಾಹ್ನದಿಂದ ನನ್ನ ಸುತ್ತಿಗೆಯ ಪ್ರತಿ ಏಟಿನ ಹಿಂದೆ ಇನ್ನೊಂದು ಸಣ್ಣ ಏಟು ಕೇಳತೊಡಗಿತು. ಹೆದರಿದೆ. ತಿಂಗಳುಗಟ್ಟಲೆ ಹಿಂಜರಿದು, ಕೊನೆಗೆ ಎಲ್ಲವನ್ನೂ ನಾಗವೇಣಿಗೆ ಬರೆದೆ, ತಪ್ಪಾಯಿತೆಂದೂ ಬರೆದೆ. ಉತ್ತರ ಬಂತು:

"ಜರ್ಮನಿಯವ ಹೇಳೂದು ಬೇಕಿತ್ತಾ ನಿಮಗೆ? ಮಚವೆ ನೀರಿಗಿಳಿದ ದಿನವೇ ನನಗೆ ಗೊತ್ತಿತ್ತು. ಅದು ಬೊಂಬಾಯಿಗೆ ಹೋದಾಗೆಲ್ಲ ಇಲ್ಲಿ ಗಾಳಿ ನೋಡ್ತಾ ಕೂತ್ಕೊಳ್ತೇನೆ. ಮಳೆಗಾಲಕ್ಕೆ ದಡಕ್ಕೆ ಎಳೆದಾಗ ಹೋಗಿ ಮೂತಿಗೆ ಎಣ್ಣೆ ಹಚ್ತೇನೆ. ಅವಳು ವರ್ಷವರ್ಷವೂ ಮನೆಗೆ ಬರ್ತಾಳೆ. ನೀವು?"

ಈಗ ನಾನೂ ಇಲ್ಲಿನ ಪ್ರತಿ ದೋಣಿಗೆ ಮೂರು ಸಲ ತಟ್ಟಿ ಕಿವಿಯಿಡುತ್ತೇನೆ. ನೀನು ಪೂರ್ತಿ ಹ್ಯಾಂಬರ್ಗಿನವನಾದೆ ಎಂದು ಹೈಂಟ್ಸ್ ಬೆನ್ನು ತಟ್ಟುತ್ತಾನೆ. ನಾನು ಮುಂದಿನ ದೋಣಿಯತ್ತ ನಡೆಯುತ್ತೇನೆ. ನನಗೆ ಉತ್ತರ ಕೊಡಬೇಕಾದವಳು, ನನ್ನ ಮಗಳು, ಶರಾವತಿಯ ದಂಡೆಯಲ್ಲಿದ್ದಾಳೆ.